ಅರ್ಗಾದಲ್ಲಿ ನಿಂತ ಲಾರಿ

ನಾನು ಅಜ್ಜಿಯಾದೆ! ಹೆಣ್ಣು ಮಗು. ಕಾರವಾರದ ಆಸ್ಪತ್ರೆಯಿಂದ ಅಂಕೋಲೆಯ ಮನೆಗೆ ಅದನ್ನು ಕರೆತಂದದ್ದನ್ನು ಬರೆದಿಡುತ್ತೇನೆ. ನಾಲ್ಕನೇ ಇಯತ್ತೆ ಓದಿದ ಕೈ, ಸೊಟ್ಟ ಇದ್ದರೆ ಇರಲಿ.

ರಾಹುಕಾಲ ಹಿಡಿಯುವ ಮೊದಲು ಮಗು ಹೊಸಿಲು ದಾಟಬೇಕೆಂದು ನನ್ನದೇ ಹಟ. ಮಗ ರಿಕ್ಷಾ ಓಡಿಸುವವನು. "ಆಯಿ, ಅರ್ಗಾ ಹತ್ರ ರಸ್ತೆ ಅಗೆದಿದ್ದಾರೆ. ಈ ಹೊತ್ತಿಗೆ ಗಾಡಿಯೆಲ್ಲ ಸಾಲು ನಿಂತಿರ್ತವೆ. ಊಟ ಮಾಡ್ಕಂಡು ಹೋಗುವಾ" ಎಂದ.

"ನಿನ್ನ ಊಟ ಎಲ್ಲೂ ಓಡಿಹೋಗೂದಿಲ್ಲ, ನಡಿ."

ಮೊದಲು ರಿಕ್ಷಾ ಒಂದೇ ಸಮ ಓಡಿತು. ಸಮುದ್ರದ ಗಾಳಿ, ಮಗುವಿಗೆ ನಿದ್ದೆ. ಅರ್ಗಾದಲ್ಲಿ ನಿಂತೆವು. ಅರ್ಧ ರಸ್ತೆಯಲ್ಲೇ ಹೋಗುವವರೂ ಬರುವವರೂ. ಎರಡು ಮಾರು ಮುಂದೆ ಹೋಗುವುದು, ನಿಲ್ಲುವುದು. ಮುಂದಿನ ಲಾರಿ ಹೊರಟಾಗಲೆಲ್ಲ ಕರಿ ಹೊಗೆ ನೇರ ನಮ್ಮ ಮೇಲೆ.

"ಓಡುವಾಗ ಇದೇ ಲಾರಿ ಇಷ್ಟು ಹೊಗೆ ಬಿಡೂದಿಲ್ಲ ಆಯಿ. ನಿಂತು ನಿಂತು ಎಳೀಬೇಕಲ್ಲ, ಅದ್ಕೇ. ನಿಂತಲ್ಲೂ ಡೀಸೆಲ್ ಉರೀತಾನೇ ಇರ್ತದೆ" ಎಂದ ಮಗ.

ನಾನು ಮಗುವಿಗೆ ಸೆರಗು ಹೊದಿಸಿದೆ. "ಉಸಿರು ಕಟ್ತದೆ ಅತ್ತೆ" ಎಂದು ಸೊಸೆ ತೆಗೆದಳು. ಹೊದಿಸಿದರೆ ಸೆಕೆ, ತೆಗೆದರೆ ಹೊಗೆ. ಮಗು ಸೀನಿತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಕೆಮ್ಮಿತು. ಸೊಸೆ ನನ್ನ ಮುಖ ನೋಡಿದಳು.

"ಲಾರಿ ಬಾಲ ಹಿಡ್ಕಂಡೇ ಹೋದ್ರೆ ರಾಹುಕಾಲಕ್ಕೆ ಮೊದ್ಲೇ ಮನೆ ಮುಟ್ಬಹುದು. ಎಂತ ಮಾಡೂದು?" ಎಂದ ಮಗ.

"ಬದಿಗೆ ತಿರುಗಿಸು" ಎಂದೆ.

"ಮತ್ತೆ ರಾಹುಕಾಲ?"

"ಅವ ಬೇಕಾದ್ರೆ ಮೊದಲು ಹೋಗಿ ಮನೇಲಿ ಕೂತಿರ್ಲಿ ಮಾರಾಯ!"

ಊರೊಳಗಿನ ದಾರಿಯಲ್ಲಿ ಒಂದು ಅಂಗಡಿಯ ಹಿಂದೆ, ತೆಂಗಿನ ನೆರಳಲ್ಲಿ, ಇಂಜಿನ್ ಬಂದ್ ಮಾಡಿದ. ಅಂಗಡಿಯವಳು ಬೆಂಚು ಕೊಟ್ಟಳು. ಮಗು ಹಾಲು ಕುಡಿದು ಮಲಗಿತು. ಕೆಮ್ಮು ನಿಂತಿತು. ಅದರ ಎದೆ ಏರಿ ಇಳಿಯುವುದನ್ನೇ ನೋಡುತ್ತ ಕೂತೆ. ಎಷ್ಟು ಚಂದ ಉಸಿರಾಡುತ್ತದೆ ನನ್ನ ಬಂಗಾರ! ಸಾಲು ಕರಗಿದ ಮೇಲೆ ಹೊರಟೆವು. ಎಲ್ಲೂ ನಿಲ್ಲಲಿಲ್ಲ, ಹೊಗೆಯೂ ಕಾಣಲಿಲ್ಲ.

ಮನೆ ಮುಟ್ಟಿದಾಗ ನಟ್ಟನಡು ರಾಹುಕಾಲ. ಆರತಿ ಎತ್ತಲು ಓಕುಳಿ ನೀರು ಹಿಡಿದು ನಿಂತ ಪಕ್ಕದ ಮನೆಯಾಕೆ, "ಈಗ ಒಳಗೆ ಬರೂದಾ? ದೃಷ್ಟಿಬೊಟ್ಟನ್ನಾದ್ರೂ ಇಡಿ" ಎಂದಳು.

ಮಗುವಿನ ಕೆನ್ನೆಯ ಮೇಲೆ ಒಂದು ಚುಕ್ಕಿ ಮಸಿ. "ಲಾರಿಯವ ಇಟ್ಟೇ ಕಳಿಸಿದಾನೆ" ಎಂದು ಸೊಸೆ ನಕ್ಕಳು.

ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದೆ. ನನ್ನ ಕಾಡಿಗೆಯ ಬೊಟ್ಟಿಟ್ಟು, ಎತ್ತಿಕೊಂಡು ಒಳಗೆ ಹೋದೆ.