ದೇವರ ಮನೆಯ ನೆತ್ತಿಯ ಮೇಲೆ ಡಿಶ್

ಗುಂಡ್ಲುಪೇಟೆಯಲ್ಲಿ ನಾನೂ ಒಬ್ಬ ನರ್ಸಮ್ಮನೂ ಸೇರಿ ಒಂದು ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದೇವೆ. ಮುಂಭಾಗದಲ್ಲಿ ಮನೆಯ ಒಡತಿ ಇದ್ದಾರೆ. ಅರವತ್ತು ದಾಟಿದವರು, ನಾವಿಬ್ಬರೂ ಅವರನ್ನು ಅವ್ವ ಅನ್ನುತ್ತೇವೆ. ನಾನು ಹರವೆಯವಳು, ಇಲ್ಲಿನ ಶಾಲೆಯಲ್ಲಿ ಟೀಚರು. ನರ್ಸಮ್ಮ ವಯನಾಡಿನ ಕಡೆಯವಳು. ಅಡುಗೆಮನೆ ಒಂದೇ, ಒಲೆಯ ಆಚೆ ಅವಳ ಕೊಬ್ಬರಿ ಎಣ್ಣೆ, ಈಚೆ ನನ್ನ ಕಡಲೆಕಾಯಿ ಎಣ್ಣೆ. ಟಿ.ವಿ.ಯೂ ಒಂದೇ.

ಈ ಸಲ ಮಾಗಿಯಲ್ಲಿ ನರ್ಸಮ್ಮನ ತಾಯಿ ಮಂಡಿನೋವಿಗೆಂದು ಬಂದರು. ಮಗಳ ಆಸ್ಪತ್ರೆಯಲ್ಲೇ ಎರಡು ತಿಂಗಳು ವ್ಯಾಯಾಮ ಮಾಡಿಸಬೇಕಿತ್ತು. ಅವರಿಗೆ ಮಲಯಾಳ ಬಿಟ್ಟರೆ ಬೇರೆ ಬರದು. ನಾವಿಬ್ಬರೂ ಹೊರಟ ಮೇಲೆ ಸಂಜೆಯವರೆಗೆ ಗೋಡೆ ನೋಡಿಕೊಂಡು ಕೂರಬೇಕು. ರಸ್ತೆ ಅಗಲ ಮಾಡುವಾಗ ತುಂಡಾದ ಕೇಬಲ್ ಮತ್ತೆ ಬಂದಿರಲಿಲ್ಲ. ಹತ್ತೇ ದಿನಕ್ಕೆ, ಭಾನುವಾರ ಮಗ ಬಂದು ಕರೆದುಕೊಂಡು ಹೋಗಲಿ ಎಂದು ಹಠ ಹಿಡಿದರು.

"ಚೇಚೀ, ಈಗ ಹೋದ್ರೆ ಅಮ್ಮ ಮತ್ತೆ ನೆಟ್ಟಗೆ ನಡೆಯೋದಿಲ್ಲ" ಎಂದಳು ನನ್ನನ್ನು ಅಕ್ಕನೆಂದೇ ಕರೆಯುವ ನರ್ಸಮ್ಮ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ.

ಮಲಯಾಳ ಚಾನೆಲ್ ಬರುವ ಒಂದು ಡಿಶ್ ತಂದರೆ ಅಮ್ಮ ಉಳಿದಾರು ಎಂದು ನಮ್ಮ ಲೆಕ್ಕ. ಗುರುವಾರ ನನಗೆ ಚಾಮರಾಜನಗರದಲ್ಲಿ ತರಬೇತಿ ಇತ್ತು. ಮುಗಿಸಿಕೊಂಡು ಅಂಗಡಿಗೆ ಹೋದೆ. ಎರಡು ಅಳತೆಯವು ಇದ್ದವು; ಒಂದು ಮೊರದಷ್ಟು, ಇನ್ನೊಂದು ಅದರ ಎರಡರಷ್ಟು.

"ದೊಡ್ಡದೇ ತಕೊಳಿ ಮೇಡಂ. ಮಳೆ ಉಯ್ದ್ರೂ ಚಿತ್ರ ಅಲ್ಲಾಡಕಿಲ್ಲ" ಎಂದ ಅಂಗಡಿಯಾತ. ಅಮ್ಮ ಉಳಿಯುವ ಮಾತು, ಚಿಕ್ಕದಕ್ಕೆ ಯಾಕೆ ಮನಸ್ಸು ಮಾಡಲಿ ಎಂದು ದೊಡ್ಡದನ್ನೇ ಹೊರಿಸಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಅದನ್ನು ಮೇಲೂ ಕೆಳಗೂ ನೋಡಿ, "ಯಾವೂರ್ ಮದ್ವೆ ಮೇಡಂ, ಇಷ್ಟ್ ದೊಡ್ ಕಾವ್ಲಿ?" ಎಂದರು.

ಮಾರನೆಯ ದಿನ ಸಂಜೆ ಡಿಶ್ ಕೂರಿಸುವವನು ಬಂದ. ಪಕ್ಕದವರು ಹೊಸದಾಗಿ ಎಬ್ಬಿಸಿದ ಮಹಡಿ ಸರಿಯಾಗಿ ಡಿಶ್ ಮುಖ ಮಾಡಬೇಕಾದ ದಿಕ್ಕಿಗೇ ಅಡ್ಡ. ತಾರಸಿಯ ಉದ್ದಗಲಕ್ಕೂ ಹೊತ್ತು ತಿರುಗಿದ. ಕೊನೆಗೆ ಒಂದು ಕಡೆ ಚಿತ್ರ ಮೂಡಿತು. ಅದು ಅವ್ವನ ದೇವರ ಮನೆಯ ನೆತ್ತಿ. ಆ ಜಾಗದ ಸುತ್ತ ಅವ್ವ ಒಂದು ಸಾಲು ಇಟ್ಟಿಗೆ ಇಟ್ಟಿದ್ದಾರೆ. ಅದರೊಳಗೆ ಯಾರೂ ಕಾಲಿಡುವಂತಿಲ್ಲ, ಮೆಣಸಿನಕಾಯಿ ಸಹ ಒಣಗಿಸುವಂತಿಲ್ಲ. ಊರವನಲ್ಲದ ಅವನಿಗೆ ಅದು ಗೊತ್ತಿಲ್ಲ, ಹೇಳಬೇಕಾಗಿದ್ದ ನಾನು ಕೆಳಗೆ ಟಿ.ವಿ. ಮುಂದೆ "ಬಂತು, ಬಂತು" ಎಂದು ಕೂಗುತ್ತಿದ್ದೆ.

ಮೆಟ್ಟಿಲ ಮೇಲಿಂದ ಅವ್ವನ ದನಿ ಕೇಳಿತು: "ಅಯ್ಯಯ್ಯೋ, ಮಾದಪ್ಪನ್ ನೆತ್ತಿ ಮ್ಯಾಲೆ ಕಾಲಾಕ್ಬುಟ್ಯಲ್ಲಲಾ!"

"ಸಿಗ್ನಲ್ಲು ಇಲ್ಲೇ ಕಣವ್ವಾ ಬರೋದು."

"ಸಿಗ್ನಲ್ಲಿಗೆ ಕಣ್ಣಿಲ್ಲ, ನಿಂಗೂ ಇಲ್ವಾ? ಇಳಿಲಾ ಮೊದ್ಲು!"

ಇಟ್ಟಿಗೆಯ ಸಾಲಿಂದ ತಾರಸಿಯ ಅಡ್ಡಗೋಡೆಗೆ ಒಂದು ಮೊಳ. ಚಿಕ್ಕ ಡಿಶ್ ಆದರೆ ಗೋಡೆಗೆ ಕಬ್ಬಿಣದ ತೋಳು ಬಿಗಿದು, ನೆತ್ತಿಯನ್ನು ಮುಟ್ಟದ ಹಾಗೆ ಗಾಳಿಯಲ್ಲಿ ಚಾಚಬಹುದು, ದೊಡ್ಡದರ ಭಾರಕ್ಕೆ ತೋಳು ಬಾಗುತ್ತದೆ ಎಂದ ಅವನು. ಶನಿವಾರ ಶಾಲೆ ಮುಗಿಸಿ ದೊಡ್ಡದನ್ನು ಮತ್ತೆ ಚಾಮರಾಜನಗರಕ್ಕೆ ಹೊತ್ತೆ. ಅಂಗಡಿಯಾತ ಚಿಕ್ಕದನ್ನು ಇಳಿಸಿಕೊಡುತ್ತ, "ನಿಮ್ಗೆ ಇದೇ ಸರಿ ಕಣಿ ಮೇಡಂ" ಎಂದ, ಮೊದಲಿಂದಲೂ ಅದನ್ನೇ ಹೇಳಿದವನ ಹಾಗೆ.

ಸಂಜೆ ಅವ್ವನಿಗೆ ತೋರಿಸಿದೆವು. "ಮುಟ್ದೆ ಇದ್ರೇನವ್ವಾ, ಮ್ಯಾಲೇ ತಾನೇ ಇರೋದು? ನಾನ್ ಎಂಗ್ ಊಂ ಅನ್ಲಿ? ಮಾದಪ್ಪನ್ನೇ ಕೇಳನ" ಎಂದರು ಅವ್ವ.

ಕೇಳುವುದೆಂದರೆ ಹೂ ಕೇಳುವುದು. ಅವ್ವ ದೀಪ ಹಚ್ಚಿ, ಎರಡು ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ ಮಾದಪ್ಪನ ಪಟದ ಎರಡೂ ಬದಿಗೆ ಅಂಟಿಸಿದರು. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಚಿಕ್ಕದನ್ನು ಕೂರಿಸಲು ಮತ್ತೆ ಬಂದಿದ್ದ ಡಿಶ್‌ನವನೂ ಸೇರಿ ನಾವೆಲ್ಲ ಬಾಗಿಲಲ್ಲಿ ನಿಂತೆವು. ನರ್ಸಮ್ಮನ ತಾಯಿಯೂ ಕೋಲೂರಿಕೊಂಡು ಬಂದು ನಿಂತಿದ್ದರು. ಭಾಷೆ ಬೇಕಿಲ್ಲದೆ ಅವರಿಗೆ ಎಲ್ಲ ಗೊತ್ತಾಗಿತ್ತು. ಹೂವು ಅಲ್ಲಾಡಲಿಲ್ಲ. ಡಿಶ್‌ನವನು ಗಡಿಯಾರ ನೋಡಿಕೊಂಡ. ಅವ್ವ ತಿರುಗಿ ಆ ತಾಯಿಯ ನಡುಗುವ ಮಂಡಿಯನ್ನು ನೋಡಿದರು.

"ಯಾಕೋ ಸೆಕೆ ಕಣವ್ವಾ. ಆ ಟೇಬಲ್ ಫ್ಯಾನ್ ವಸಿ ಆಕು."

ನಾವೆಲ್ಲ ಸ್ವೆಟರ್ ತೊಟ್ಟಿದ್ದೆವು. ಆದರೂ ಫ್ಯಾನ್ ಹಾಕಿದೆ.

"ವಸಿ ಬಲಕ್ ತಿರುಗ್ಸು. ಇನ್ನೊಸಿ."

ಒಂದು ಕೈಯಲ್ಲಿ ದೀಪಕ್ಕೆ ಮರೆ ಹಿಡಿದು, ಅವ್ವ ಕಣ್ಣು ಮುಚ್ಚಿದರು. ಬಲಗಡೆಯ ಹೂವು ಬಿತ್ತು. "ಆಯ್ತು ಬುಡು, ಮಾದಪ್ಪ ಒಪ್ಕಂಡ" ಎಂದು ಅದನ್ನು ಕಣ್ಣಿಗೊತ್ತಿಕೊಂಡರು.

"ಜೋರಾಗೇ ಒಪ್ಕಂಡ ಕಣವ್ವಾ" ಎಂದ ಡಿಶ್‌ನವನು.

"ಸುಮ್ನೆ ಓಗಿ ನಟ್ ಬಿಗಿಲಾ."

ಕತ್ತಲಾಗುವಷ್ಟರಲ್ಲಿ ಚಿತ್ರ ಬಂತು. ವಾರ್ತೆ ಓದುವವಳೊಬ್ಬಳು ಮಲಯಾಳದಲ್ಲಿ ಹವಾಮಾನ ಹೇಳುತ್ತಿದ್ದಳು. ತಾಯಿ ಅವಳಿಗೇ ಏನೋ ಉತ್ತರ ಕೊಟ್ಟರು, ನಕ್ಕರು. ಆಮೇಲೆ ಮಗಳ ಕೈಯಿಂದ ಫೋನ್ ತೆಗೆದುಕೊಂಡು ಮಗನ ಜೊತೆ ಮಾತಾಡತೊಡಗಿದರು.

"ಏನಂತೆ?" ಎಂದರು ಅವ್ವ.

ನರ್ಸಮ್ಮ ಕಣ್ಣೊರೆಸಿಕೊಂಡಳು. "ನಾಳೆ ಬರಬೇಡ ಅಂತಿದ್ದಾರೆ ಅವ್ವ."

"ಯಾಕ್ ಬ್ಯಾಡ? ಬರ್ಲಿ ಬುಡು. ಉಂಡ್ಕಂಡು ಒಬ್ನೇ ಓಗ್ಲಿ."