ಮುಷ್ಟಿಯಷ್ಟು ಕುಲಾವಿ

ನನ್ನ ಕೈ ಸುಮ್ಮನೆ ಕೂರುವ ಜಾತಿಯದಲ್ಲ. ಆಟೋದಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಹಾಲು ಉಕ್ಕುವವರೆಗಿನ ಅಷ್ಟು ಹೊತ್ತಿನಲ್ಲೂ ಬೆರಳ ನಡುವೆ ಕ್ರೋಶಾ ಸೂಜಿ ಇರಬೇಕು. ಇಲ್ಲದಿದ್ದರೆ ಸೆರಗಿನ ಅಂಚನ್ನಾದರೂ ತಿರುವುತ್ತ ಕೂತಿರುತ್ತೇನೆ. "ಮಂದಿಗೆ ಕಾಲಾಗ ಚಕ್ರ ಇರ್ತಾವ, ನಿನಗ ಕೈಯಾಗ ಅದಾವ ನೋಡು" ಎಂದು ಅವ್ವ ನಾನು ಲಂಗ ಉಡುತ್ತಿದ್ದ ಕಾಲದಿಂದ ಹೇಳುತ್ತ ಬಂದಿದ್ದಾಳೆ. ಈಗ ನನ್ನ ತಲೆಯಲ್ಲಿ ಬಿಳಿಕೂದಲು ಬಂದಿವೆ, ಆಕೆಯ ಮಾತು ಮಾತ್ರ ಹಾಗೇ ಇದೆ.

ನಮ್ಮ ಮನೆ ಹೈದರಾಬಾದಿನ ಮಣಿಕೊಂಡದಲ್ಲಿ. ಬಾಲ್ಕನಿಯಲ್ಲಿ ಕೂತು, ಕೆಳಗೆ ಕ್ಯಾಬಿನವರು ಹಾರ್ನ್ ಬಾರಿಸಿ ಒಬ್ಬರಿಗೊಬ್ಬರು ಬೈದುಕೊಳ್ಳುವುದನ್ನು ಕೇಳುತ್ತ, ಟೋಪಿ ಮತ್ತು ಕಾಲುಚೀಲಗಳ ಹೊಸ ಹೊಸ ನಮೂನೆ ಕಟ್ಟುತ್ತೇನೆ. ಹೆಣೆಯುವುದು, ಬಿಚ್ಚುವುದು, ಮತ್ತೆ ಹೆಣೆಯುವುದು. ಸರಿ ಅನ್ನಿಸಿದ ಮೇಲೆ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಗ್ರೂಪಿನಲ್ಲಿ ಇರುವವರೆಲ್ಲ ನಮ್ಮ ಕಡೆಯ ಹೆಂಗಸರು. ಕೆಲವರು ರಾಯಚೂರು, ಯಾದಗಿರಿಯಲ್ಲಿ, ಕೆಲವರು ನನ್ನ ಹಾಗೆ ಹೈದರಾಬಾದಿಗೆ ಬಂದು ಬಿದ್ದವರು. ಇಂಗ್ಲಿಷ್ ನಮೂನೆಗಳ ಸಿಎಚ್, ಡಿಸಿ ಎಂಬ ಅರ್ಧಂಬರ್ಧ ಅಕ್ಷರ ಅವರಿಗೆ ಬೇಕಿಲ್ಲ. ನಾನು ಬಾಯಲ್ಲೇ ಹೇಳಿ ರೆಕಾರ್ಡ್ ಮಾಡುತ್ತೇನೆ: "ಸರಪಳಿ ಹಾಕಿ ಗುಂಡಗ ಕೂಡಿಸ್ರಿ. ಈಗ ಒಂದೊಂದು ತೂತಿನ್ಯಾಗ ಎರಡೆರಡು ಕಂಬ ಎಬ್ಬಿಸ್ರಿ. ಅವಸರ ಮಾಡಬ್ಯಾಡ್ರಿ." ಅವಸರ ಮಾಡಬೇಡಿ ಎಂದು ಹೇಳುವವಳು ನಾನು! ಕೇಳಿದಾಗಲೆಲ್ಲ ಅವ್ವ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ.

ಆ ಗ್ರೂಪಿನಲ್ಲಿ ಒಮ್ಮೆ ನನ್ನ ಮರ್ಯಾದೆ ಹೋಗಿತ್ತು. ನಮ್ಮ ಕಡೆ ಎಳೆಕೂಸಿಗೆ ಟೇಪು ಹಿಡಿಯುವುದಿಲ್ಲ. ಅಳೆದರೆ ಕೂಸು ಅಷ್ಟಕ್ಕೇ ನಿಂತುಬಿಡುತ್ತದೆ, ಬೆಳೆಯುವುದಿಲ್ಲ ಎಂಬ ಅಂಜಿಕೆ. ಆದ್ದರಿಂದ ಕೂಸಿನ ಕುಲಾವಿ ಹೆಣೆಯುವಾಗ ತಂಬಿಗೆಯನ್ನು ಬೋರಲು ಹಾಕಿ, ಅದನ್ನೇ ತಲೆ ಎಂದುಕೊಂಡು, ಅದಕ್ಕೆ ತೊಡಿಸಿ ತೊಡಿಸಿ ನೋಡುತ್ತೇವೆ. ನಾನೂ ಹಾಗೇ ಹೆಣೆದು, "ತಂಬಿಗಿಗೆ ಸರಿಯಾಗಿ ಕೂಡೂತನಕ ಹೆಣೀರಿ" ಎಂದು ಹೇಳಿ ಹಾಕಿದ್ದೆ. ಯಾವ ತಂಬಿಗೆ ಎಂದು ಹೇಳುವ ಬುದ್ಧಿ ಹುಟ್ಟಲಿಲ್ಲ. ನನ್ನದು ಸ್ಟೀಲಿನ ನಡುತರದ ತಂಬಿಗೆ. ಯಾದಗಿರಿಯ ಒಬ್ಬಾಕೆ ತನ್ನ ಅಜ್ಜಿಯ ಹಿತ್ತಾಳೆ ತಂಬಿಗೆ ಇಟ್ಟುಕೊಂಡು ಹೆಣೆದಳು. ಗಲ್ಲದವರೆಗೆ ಕುಲಾವಿ ಇಳಿದ ಕೂಸಿನ ಫೋಟೊ ಬಂತು. ಕೆಳಗೆ, "ಅಕ್ಕಾರ, ಮೂಗು ಎಲ್ಲಿ ಹುಡುಕೂನ್ರಿ?" ಗ್ರೂಪೆಲ್ಲ ನಕ್ಕಿತು. ನನಗೆ ಅಂದು ಊಟ ಸೇರಲಿಲ್ಲ. ನಾನು ಹೇಳಿಕೊಟ್ಟ ಕುಲಾವಿ ತಲೆಗೆ ಹೊಂದಲಿಲ್ಲ ಎಂದರೆ ನನ್ನ ಮೈಯೆಲ್ಲ ಉರಿಯುತ್ತದೆ, ಇವತ್ತಿಗೂ.

ನನ್ನ ಆ ಸ್ಟೀಲಿನ ತಂಬಿಗೆ ಕೊಟ್ಟವನು ನನ್ನ ತಮ್ಮ. ಬೇಗಂ ಬಜಾರಿನ ಪಾತ್ರೆ ಅಂಗಡಿಯಲ್ಲಿ ಅವನಿಗೆ ಕೆಲಸ. ಕಳೆದ ಚಳಿಗಾಲದಲ್ಲಿ ಅವನ ಹೆಂಡತಿ ಬಸುರಿ. ಮೊದಲೊಂದು ಸಲ ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಡಾಕ್ಟರರು ಹಾಸಿಗೆ ಬಿಟ್ಟು ಏಳಬಾರದು ಎಂದರು. ತೋರಿಸುತ್ತಿದ್ದ ಆಸ್ಪತ್ರೆ ಗಚ್ಚಿಬೌಲಿಯಲ್ಲಿ, ನಮ್ಮ ಮನೆಯಿಂದ ಹತ್ತಿರ. ಹಾಗಾಗಿ ಅವಳು ನಮ್ಮ ಮನೆಗೆ ಬಂದಳು, ನೋಡಿಕೊಳ್ಳಲು ಅವ್ವನೂ ಬಂದಳು.

ಬಂದವಳೇ ಅವ್ವ ನನಗೊಂದು ಕಟ್ಟಳೆ ಹಾಕಿದಳು. "ಈಕಿ ಹಡಿಯೂತನಕ ಮನ್ಯಾಗ ಕೂಸಿನ ಅರಿವಿ, ಕುಲಾವಿ ಒಂದೂ ಕಾಣಬಾರದು. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ, ಹಂಗ ಆಗೂದು ಬ್ಯಾಡ." ಬೇರೆಯವರು ಅವಸರಗೇಡಿಗಳನ್ನು ಹಂಗಿಸಲು ಈ ಗಾದೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಗಾದೆಯಲ್ಲ, ಕಾಯಿದೆ.

ಹೂಂ ಅಂದೆ. ಮುದುಕರ ಹುಚ್ಚು ನಂಬಿಕೆ ಎಂದುಕೊಂಡೇ ಹೂಂ ಅಂದೆ. ದೊಡ್ಡವರ ಮಫ್ಲರು, ಟೋಪಿ ಹೆಣೆಯುತ್ತ ಕೂತೆ. ಆದರೆ ಗ್ರೂಪಿನಲ್ಲಿ ಯಾರೋ "ಮೊಮ್ಮಗ ಹುಟ್ಯಾನ್ರಿ ಅಕ್ಕಾರ, ಕಿವಿ ಮುಚ್ಚೂವಂಥದ್ದೊಂದು ನಮೂನಿ ಕೊಡ್ರಿ" ಎಂದು ಕೇಳಿದರು. ಕಿವಿಯ ಹತ್ತಿರ ಸುತ್ತನ್ನು ಹೇಗೆ ಇಳಿಸುವುದು ಎಂಬುದು ತಲೆಯಲ್ಲಿ ಕೂತುಬಿಟ್ಟಿತು. ಬಾಯಲ್ಲಿ ಹೇಳಿದರೆ ಸಾಲದು, ಹೆಣೆದೇ ನೋಡಬೇಕು. ಅಡುಗೆಮನೆಯಲ್ಲಿ, ಅನ್ನ ಬೇಯುವಷ್ಟರಲ್ಲಿ, ಹಳದಿ ದಾರದಲ್ಲಿ ಹೆಣೆದು ತಂಬಿಗೆಗೆ ತೊಡಿಸಿದೆ. ಚೆನ್ನಾಗಿ ಬಂದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಾಳೆ. ನೀರಿಗೆಂದು ಎದ್ದು ಬಂದಿದ್ದಳು.

"ಯಾರಿಗ್ರಿ ಅಕ್ಕಾರ?"

"ಯಾರಿಗೂ ಅಲ್ಲ ತಂಗಿ, ಗ್ರೂಪಿನವರಿಗೆ."

ಅವಳು ಒಂದು ಬೆರಳಿಂದ ಅದನ್ನು ಮುಟ್ಟಿ, "ಭಾಳ ಚಂದ ಐತ್ರಿ" ಅಂದಳು. ಹಿಂದೆಯೇ ಬಂದ ಅವ್ವ ತಂಬಿಗೆಯನ್ನು ಕಂಡಳು. ಆಮೇಲೆ ನಡೆದದ್ದನ್ನು ಬರೆಯುವುದು ಬೇಡ. ಪಕ್ಕದ ಫ್ಲ್ಯಾಟಿನ ತೆಲುಗು ಆಂಟಿ ಏನಾಯಿತು ಎಂದು ಬೆಲ್ ಬಾರಿಸಿದರು, ಅಷ್ಟು ಹೇಳಿದರೆ ಸಾಕು.

ವಾರ ಕಳೆಯುವುದರೊಳಗೆ ಅವಳಿಗೆ ನೋವು ಬಂತು. ಬರಬಾರದ ಹೊತ್ತು. ಇನ್ನೂ ಎಷ್ಟೋ ವಾರ ಬಾಕಿ ಇದ್ದವು.

ಹೆಣ್ಣು ಕೂಸು. ಹುಟ್ಟಿದ ಕೂಡಲೇ ಗಾಜಿನ ಪೆಟ್ಟಿಗೆಗೆ ಒಯ್ದರು. ಡಾಕ್ಟರರು ಉಳಿಯುತ್ತದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ದಿನ ದಿನ ನೋಡೋಣ ಎಂದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವ್ವ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು: "ಕುಲಾವಿ ಕರದೇತಿ, ಕೂಸು ಓಡಿ ಬಂದೇತಿ. ಸಮಾಧಾನ ಆತೇನು ನಿನ್ನ ಕೈಗೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಅವ್ವಾ, ದಾರಕ್ಕ ಅಷ್ಟು ಶಕ್ತಿ ಇದ್ದಿದ್ರ ಡಾಕ್ಟರು ಯಾಕ ಬೇಕಿತ್ತು?" ಎಂದು ಎದುರು ಮಾತಾಡಿದೆ. ಸಿಟ್ಟಿನಿಂದ ಮೆಟ್ಟಿಲು ಇಳಿದು ಹೋಗಿ, ಗೇಟಿನ ಹೊರಗೆ ಕಾರುಗಳ ಹೊಗೆಯಲ್ಲಿ ನಿಂತು ಅತ್ತೆ. ಮತ್ತೆ ಹತ್ತಿದೆ, ಮತ್ತೆ ಇಳಿದೆ. ಕೂರಲು ಆಗುತ್ತಿರಲಿಲ್ಲ. ಚೀಲದಲ್ಲಿ ಸೂಜಿ ಇತ್ತು, ಮುಟ್ಟಲು ಧೈರ್ಯವಿರಲಿಲ್ಲ. ಮನೆಗೆ ಹೋಗಿ ನೋಡಿದರೆ ತಂಬಿಗೆಯೂ ಇಲ್ಲ, ಹಳದಿ ಕುಲಾವಿಯೂ ಇಲ್ಲ. ಅವ್ವ ಎಲ್ಲಿ ಬಚ್ಚಿಟ್ಟಳೋ. ಕೇಳುವ ಹಾಗಿರಲಿಲ್ಲ. ಗ್ರೂಪಿನಲ್ಲಿ "ಎಲ್ಲಿ ಹ್ವಾದ್ರಿ ಅಕ್ಕಾರ?" ಎಂದು ಕೇಳುತ್ತಿದ್ದರು. ಫೋನನ್ನು ಬೋರಲು ಹಾಕಿಟ್ಟೆ.

ಕೆಲವು ದಿನದ ಮೇಲೆ ನರ್ಸಮ್ಮ ಹೊರಗೆ ಬಂದು, "ಪಾಪಕಿ ಟೋಪಿ, ಸಾಕ್ಸು ತೇವಾಲಮ್ಮಾ. ಕಾಟನ್ ಮಾತ್ರಮೇ" ಎಂದರು. ಕೂಸಿಗೆ ಟೋಪಿ, ಕಾಲುಚೀಲ ತನ್ನಿ, ಹತ್ತಿಯದ್ದು ಮಾತ್ರ. ತಲೆಯಿಂದಲೇ ಮೈಯ ಬಿಸಿ ಹೋಗುತ್ತದಂತೆ. ಅಂಗಡಿಯದ್ದು ಯಾವುದೂ ಈ ಕೂಸಿಗೆ ಹೊಂದುವುದಿಲ್ಲ, ಎಲ್ಲ ಜಾರಿ ಬೀಳುತ್ತವೆ. ತಮ್ಮನೂ ಅವನ ಹೆಂಡತಿಯೂ ನನ್ನ ಮುಖ ನೋಡಿದರು. ಅವ್ವನೂ ನೋಡಿದಳು. ನೋಡಿ ಗೋಡೆಯ ಕಡೆ ತಿರುಗಿದಳು.

ಎಷ್ಟು ದೊಡ್ಡ ತಲೆ? ಅದೇ ಗೊತ್ತಿಲ್ಲ. ಅಪ್ಪ ಅಮ್ಮನನ್ನು ಬಿಟ್ಟು ಇನ್ನಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನರ್ಸಮ್ಮನನ್ನು ಕೇಳಿದ್ದರೆ ಸೆಂಟಿಮೀಟರಿನಲ್ಲಿ ಹೇಳುತ್ತಿದ್ದರು, ಅವರು ಟೇಪು ಹಿಡಿದೇ ಹಿಡಿಯುತ್ತಾರೆ. ಕೇಳಲೆಂದು ಅವರ ಹಿಂದೆ ನಾಲ್ಕು ಹೆಜ್ಜೆ ಹೋದೆ. ಕೇಳದೆ ತಿರುಗಿ ಬಂದೆ. ಅಳೆದರೆ ಅಷ್ಟಕ್ಕೇ ನಿಂತುಬಿಡುತ್ತದೆ. ಹುಚ್ಚು ನಂಬಿಕೆ ಎಂದುಕೊಂಡವಳು ನಾನೇ, ಈಗ ಅಂಥದೇ ಅಂಜಿಕೆ ನನ್ನನ್ನೂ ಹಿಡಿದಿತ್ತು.

ತಮ್ಮನಿಗೆ ಹೇಳಿದೆ: "ನೀ ಪಾತ್ರಿ ಅಂಗಡ್ಯಾಂವ ಇದ್ದಿ. ಕಣ್ಣಳತಿ ನಿನಗ ಗೊತ್ತು. ಒಳಗ ಹೋಗಿ ನೋಡಿ, ಯಾವ ಪಾತ್ರಿಯಷ್ಟೈತಿ ಹೇಳು."

ಮರುದಿನ ಬೇಗಂ ಬಜಾರಿನಿಂದ ಅವನು ಕೈಚೀಲದ ತುಂಬ ಪಾತ್ರೆ ಹೊತ್ತು ಬಂದ. ಚಿಕ್ಕ ತಂಬಿಗೆ, ದೇವರ ಪೂಜೆಯ ಗಿಂಡಿ, ಲೋಟ, ಬಟ್ಟಲು. ಕಾರಿಡಾರಿನ ಬೆಂಚಿನ ಮೇಲೆ ಎಲ್ಲವನ್ನೂ ಬೋರಲು ಹಾಕಿ ಜೋಡಿಸಿದ. ಹೋಗಿಬರುವವರೆಲ್ಲ ಪಾತ್ರೆ ಮಾರಲು ಬಂದವನು ಎಂಬಂತೆ ನೋಡಿದರು. ಒಳಗೆ ಹೋಗಿ ಕೂಸನ್ನು ನೋಡಿ ಬಂದು ಒಂದನ್ನು ಎತ್ತಿಕೊಟ್ಟ. "ಇದು, ಅಕ್ಕಾ." ಒಂದು ಕ್ಷಣ ಬಿಟ್ಟು, "ಅಲ್ಲಲ್ಲ, ಇದು." ಮತ್ತೆ ಒಳಗೆ ಹೋದ, ಮತ್ತೆ ಬಂದ. ಇನ್ನೂ ಸಣ್ಣದನ್ನು ಎತ್ತಿದ. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗೆ ಮುಚ್ಚಳ ಹೊಂದಿಸಿ ಕೊಡುವವನು. ಅವನ ಕೈಯಿಂದಲೇ ಬಟ್ಟಲು ಜಾರಿ ಬಿತ್ತು. ಉರುಳುತ್ತ ಸದ್ದು ಮಾಡುತ್ತ ಕಾರಿಡಾರಿನ ತುದಿಯವರೆಗೆ ಹೋಯಿತು. "ಗೊತ್ತಾಗವಲ್ದು ಅಕ್ಕಾ. ನೋಡಿದಷ್ಟೂ ಸಣ್ಣದಾಗಾಕತ್ತೈತಿ" ಎಂದು ಅವನು ಮುಖ ಮುಚ್ಚಿಕೊಂಡ.

ಆಗ ತಮ್ಮನ ಹೆಂಡತಿ ಗಾಲಿಕುರ್ಚಿಯಿಂದ ಬಲಗೈ ಮುಂದೆ ಚಾಚಿದಳು. ಹೆರಿಗೆಯಾದ ಮೇಲೆ ಅವಳು ಹತ್ತು ಮಾತು ಆಡಿರಲಿಲ್ಲ. "ಪೆಟಗಿಯೊಳಗ ಕೈ ಹಾಕಾಕ ಬಿಡ್ತಾರ್ರಿ ಅಕ್ಕಾರ. ದಿನಾ ತಲಿ ಮ್ಯಾಲ ಕೈ ಇಡ್ತೀನಿ." ಬೆರಳುಗಳನ್ನು ನಿಧಾನವಾಗಿ ಮಡಿಸಿದಳು. ಮುಷ್ಟಿ ಕಟ್ಟಿದಳು. ಸ್ವಲ್ಪ ಸಡಿಲ ಮಾಡಿದಳು. ಕಣ್ಣು ಮುಚ್ಚಿ ಯೋಚಿಸಿ, ಮತ್ತಷ್ಟು ಸಡಿಲ ಮಾಡಿದಳು. "ಇಷ್ಟೈತ್ರಿ. ಪಾದ ಈ ಹೆಬ್ಬಟ್ಟಿನಷ್ಟು."

ಅಲ್ಲೇ, ಅವಳ ಮುಂದೆ ನೆಲದ ಮೇಲೆ ಕೂತು ಹೆಣೆದೆ. ತೆಳುವಾದ ಬಿಳಿ ಹತ್ತಿ ದಾರ. ಉದ್ದ ಕಂಬ ಹಾಕಿದರೆ ತೂತಿನಲ್ಲಿ ಕೂಸಿನ ಬೆರಳು ಸಿಕ್ಕೀತೆಂದು ಗಿಡ್ಡ ಕಂಬ ಹಾಕಿದೆ. ಗೊಂಡೆ ಇಲ್ಲ, ಗುಂಡಿ ಇಲ್ಲ, ಚುಚ್ಚುವ ಗಂಟಿಲ್ಲ. ಸುತ್ತು ಮುಗಿದಾಗಲೆಲ್ಲ ಅವಳ ಮುಷ್ಟಿಗೆ ತೊಡಿಸಿ ನೋಡಿದೆ. ದೊಡ್ಡದಾಯಿತೆಂದು ಬಿಚ್ಚಿದೆ, ಬಿಗಿಯಾಯಿತೆಂದು ಬಿಚ್ಚಿದೆ. ಅವಳು ಕೈ ಅಲುಗಿಸದೆ ಹಿಡಿದೇ ಇದ್ದಳು. ತೋಳು ಸೋತಾಗ ಅವ್ವ ಬಂದು ಅವಳ ಮೊಳಕೈ ಕೆಳಗೆ ತನ್ನ ಕೈ ಕೊಟ್ಟು ನಿಂತಳು. ಆಮೇಲೆ ಹೆಬ್ಬೆರಳಿಗೆ ಕಾಲುಚೀಲ. ಹಿಮ್ಮಡಿ ತಿರುಗಿಸಲು ಜಾಗವೇ ಇಲ್ಲ, ಅದನ್ನು ಬಿಟ್ಟು ಸುಮ್ಮನೆ ಕೊಳವೆಯ ಹಾಗೆ ಹೆಣೆದೆ.

ತೊಳೆದು, ಬಿಸಿಲಿಗೆ ಒಣಗಿಸಿ, ತಮ್ಮ ಒಳಗೆ ಕೊಟ್ಟು ಬಂದ. ನಾನು ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಸಾಕಾದೆ. ತಮ್ಮನ ಹೆಂಡತಿ ಹೊರಗೆ ಬಂದು ಒಂದೇ ಮಾತು ಹೇಳಿದಳು: "ಕುಂತೈತ್ರಿ." ಕಿವಿಯವರೆಗೆ, ಸರಿಯಾಗಿ.

ಆಮೇಲಿನ ದಿನಗಳು ಹೇಗೆ ಹೋದವೋ. ಒಂದು ದಿನ ಕೂಸು ಹಾಲು ನುಂಗಿತು ಎಂದರೆ ಅವ್ವ ದೇವರ ಮುಂದೆ ದೀಪ ಹಚ್ಚುವಳು, ಮರುದಿನ ಉಸಿರಾಡುವುದನ್ನೇ ಮರೆಯಿತು ಎಂದರೆ ಅದೇ ದೇವರನ್ನು ಬೈಯುವಳು. ನನ್ನೊಂದಿಗೆ ಅನ್ನ, ಸಾರು, ಆಟೋ ಅನ್ನುವಷ್ಟೇ ಮಾತು. ತಡೆಯಲಾರದೆ ಒಂದು ಮಧ್ಯಾಹ್ನ ಆ ನಮೂನೆಯನ್ನು ಗ್ರೂಪಿಗೆ ಹಾಕಿದೆ. ಯಾಕೆ, ಯಾರಿಗೆ ಎಂದು ಹೇಳಲಿಲ್ಲ. "ತಾಯಿ ಮುಷ್ಟಿಗೆ ಹೊಂದೂತನಕ ಹೆಣೀರಿ" ಎಂದಷ್ಟೇ ಹೇಳಿದೆ. ಯಾರೂ ನಗಲಿಲ್ಲ. ಎಂದೂ ಬಾಯಿ ಬಿಡದಿದ್ದ ಒಬ್ಬಾಕೆ ಬರೆದಳು: "ನನ್ನ ಮಗಳ ಮುಷ್ಟಿ ಹಿಡಿದು ಹೆಣಿಯಾಕತ್ತೀನ್ರಿ ಅಕ್ಕಾರ."

ಬೇಸಿಗೆ ಕಾಲಿಟ್ಟಿತ್ತು. ಕೂಸನ್ನು ಗಾಜಿನ ಪೆಟ್ಟಿಗೆಯಿಂದ ಹೊರಗೆ ತಂದು ತಾಯಿಯ ಎದೆಗೆ ಕಟ್ಟಿ ಮಲಗಿಸುತ್ತಿದ್ದರು. ತಮ್ಮನ ಹೆಂಡತಿ ಆಸ್ಪತ್ರೆಯಲ್ಲೇ ಉಳಿದಿದ್ದಳು. ಒಂದು ದಿನ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ, ಅವ್ವ ಪಕ್ಕದಲ್ಲಿ ಕೂತು ಕಾಯಿಪಲ್ಲೆ ಹೆಚ್ಚುತ್ತಿದ್ದಳು. ತಮ್ಮನ ಹೆಂಡತಿಯ ಫೋನು ಬಂತು.

"ಅಕ್ಕಾರ, ಕುಲಾವಿ ತಲಿಗೆ ಇಳಿಯವಲ್ದ್ರಿ."

ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಸಿಡಿದೆ: "ಬಿಸಿನೀರಾಗ ಹಾಕಿದೇನು? ಹತ್ತಿ ದಾರ ಕುಗ್ತೈತಿ ಅಂತ ಎಷ್ಟು ಸಲ ಹೇಳೀನಿ! ಜಗ್ಗಿ ನೋಡು, ಅಂಚು ಸ್ವಲ್ಪ ಜಗ್ಗು..."

"ಜಗ್ಗಿ ನೋಡೀನ್ರಿ." ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಕುಲಾವಿ ಕುಗ್ಗಿಲ್ರಿ ಅಕ್ಕಾರ. ನನ್ನ ಮುಷ್ಟಿಗೆ ಇನ್ನೂ ಸರಿಯಾಗಿ ಕೂಡತೈತ್ರಿ."

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನಾನು ಹೆಣೆದದ್ದು ತಲೆಗೆ ಹೊಂದಲಿಲ್ಲ, ಮತ್ತು ನಾನು ಅಡುಗೆಮನೆಯ ಕಟ್ಟೆ ಹಿಡಿದು ದೇವರಾಣೆಗೂ ಖುಷಿಯಿಂದ ಗೊಳೋ ಎಂದು ಅಳುತ್ತಿದ್ದೆ.

ಅವ್ವನಿಗೆ ಎಲ್ಲ ಕೇಳಿಸಿತ್ತು. ಈಳಿಗೆ ಸರಿಸಿ ಎದ್ದಳು. ಜೋಳದ ಡಬ್ಬಿಯ ಮುಚ್ಚಳ ತೆಗೆದು ಮೊಳಕೈವರೆಗೆ ಕೈ ಇಳಿಸಿದಳು. ತಂಬಿಗೆ ಹೊರಗೆ ಬಂತು, ಅದಕ್ಕೆ ತೊಡಿಸಿದ ಹಳದಿ ಕುಲಾವಿ ಹಾಗೇ ಇತ್ತು. ಬಿಚ್ಚಿರಲಿಲ್ಲ, ಎಸೆದಿರಲಿಲ್ಲ. ಸೆರಗಿನಿಂದ ಅದರ ಮೇಲಿನ ಜೋಳದ ಹೊಟ್ಟು ಒರೆಸಿ ನನ್ನ ಮುಂದೆ ಇಟ್ಟಳು.

"ತೊಳದಿಡು" ಅಂದಳು. "ಇದರಷ್ಟು ಆಗ್ತಾಳ."