ಗಣಿಕೆಯ ಟೋಪನ್ ಕಟ್ಟುವ ಫುಕುಯೊ

ಬೆಳಗಿನ ಐದು ಗಂಟೆ. ಒಸಾಕಾದ ರಂಗಮಂದಿರದ ಹಿಂದಿನ ಓಣಿಯಲ್ಲಿ ಸುತ್ತಿಗೆಯ ಸದ್ದು. ಅರವತ್ತೆಂಟು ವರ್ಷದ ಮಹಿಳೆ ಫುಕುಯೊ ನಿಶಿಗಾಕಿ ಚಾಪೆಯ ಮೇಲೆ ಕೂತು ತಾಮ್ರದ ತಗಡನ್ನು ನಟನ ತಲೆಯ ಅಳತೆಗೆ ಬಡಿಯುತ್ತಿದ್ದಾರೆ. ಇದರ ಮೇಲೆ ಕೂದಲು ಕೂರಬೇಕು, ಮುಡಿ ಏಳಬೇಕು. ಆಗ ಹೆಣ್ಣಿನ ಪಾತ್ರವನ್ನೂ ಗಂಡಸರೇ ಆಡುವ ಜಪಾನಿನ ಕಬುಕಿ ನಾಟಕದ ಗಣಿಕೆಗೆ ಟೋಪನ್ ಸಿದ್ಧ.

"ಯಾರ ಮೇಲೆ ಈ ಸಿಟ್ಟು?" ಎಂದು ಅವರ ಬಗ್ಗೆ ಬರೆಯಲು ಬಂದಿದ್ದ ನಾನು ಕೇಳಿದೆ.

"ತಾಮ್ರದ ಮೇಲಂತೂ ಅಲ್ಲ. ಆ ಕಡೆ ಕೂತ್ಕೊಳ್ಳಿ, ಬೆಳಕಿಗೆ ಅಡ್ಡ ಬರ್ತಿದೀರಿ."

ಮನೆಯಿಂದ ಹೊರಹಾಕಿಸಿಕೊಂಡ ವ್ಯಾಪಾರಿಯ ಮಗ ತನ್ನ ಗಣಿಕೆಯನ್ನು ಕಾಣಲು ಬರುವ ಹಳೆಯ ನಾಟಕ ಈಗ ಇಲ್ಲಿ ನಡೆಯುತ್ತಿದೆ. ಈ ಸಲ ಗಣಿಕೆಯ ಪಾತ್ರ ಹೊಸ ನಟ ಸೊನೊಜೊಗೆ. ಬೇರೊಬ್ಬ ನಟನಿಗೆ ಮಾಡಿದ್ದ ಟೋಪನ್ನನ್ನೇ ಹಾಕಿಸಿ ಎಂದು ವ್ಯವಸ್ಥಾಪಕ ಮುರೊಯಿ ಅಪ್ಪಣೆ ಮಾಡಿದ. ಹೊಸದು ಮಾಡಲು ಫುಕುಯೊ ಎರಡು ದಿನದ ಸಮಯ ಕೇಳಿದರು.

"ಕಿವಿ ಮೇಲೆ ಕೊರೆಯುತ್ತೆ ಅಂದೆ. 'ಕೂದಲು ನೀವು ನೋಡ್ಕೊಳ್ಳಿ, ನಾಟಕ ನಾವು ನೋಡ್ಕೋತೀವಿ' ಅಂದ."

ಪ್ರದರ್ಶನದ ಮೂರನೆಯ ದಿನ, ಪ್ರೇಮಿಗಳ ಮುನಿಸು ಕರಗುವ ಹೊತ್ತಿಗೆ ಸೊನೊಜೊನ ಬಿಳಿ ಬಣ್ಣದ ಕೆನ್ನೆಯ ಮೇಲೆ ರಕ್ತ ಇಳಿಯಿತು. ಆತ ಹಲ್ಲು ಕಚ್ಚಿ ದೃಶ್ಯ ಮುಗಿಸಿದ. ಮರುದಿನ ಬಾಗಿಲಲ್ಲಿ ಪ್ರಕಟಣೆ: 'ಟೋಪನ್ ತಯಾರಿಸಿದ ಫುಕುಯೊ ನಿಶಿಗಾಕಿಯವರ ಅಜಾಗರೂಕತೆಗೆ ವಿಷಾದಿಸುತ್ತೇವೆ.'

ನಲವತ್ತಮೂರು ವರ್ಷದ ದುಡಿಮೆಯಲ್ಲಿ ಆಕೆಯ ಹೆಸರು ಅಚ್ಚಾದದ್ದು ಅದೇ ಮೊದಲು. ಊಟದ ಡಬ್ಬಿ ಒದಗಿಸುವವರ ಹೆಸರೂ ಇರುವ ನಾಟಕದ ಪುಸ್ತಿಕೆಯಲ್ಲಿ ಇವರಿಗೆ ಒಂದು ಸಾಲೂ ಇಲ್ಲ. ಇದನ್ನು ಮರೆವು ಎನ್ನಲು ನನಗೆ ಮನಸ್ಸಿಲ್ಲ.

ಫುಕುಯೊ ಆ ಕಾಗದ ಕಿತ್ತುಕೊಂಡು ನಟರೆಲ್ಲ ಇದ್ದ ಕೋಣೆಗೇ ಹೋದರು.

"ಮುರೊಯಿ ಅವರೇ, ನಿಮ್ಮ ಹೆಸರು ಬಿಟ್ಟುಹೋಗಿದೆ. ಬರೀರಿ."

"ಹಿರಿಯರು ನೀವು. ಸ್ವಲ್ಪ ಹೊಂದ್ಕೊಂಡು ಹೋಗಿ."

"ಹೊಂದ್ಕೊಳ್ಳೋದು ತಾಮ್ರ. ನಾನಲ್ಲ."

ಕಿವಿಗೆ ಪಟ್ಟಿ ಕಟ್ಟಿಕೊಂಡಿದ್ದ ಸೊನೊಜೊ ಎದ್ದು ನಿಂತ. "ಫುಕುಯೊ ಅಮ್ಮ ಹೊಸದು ಮಾಡ್ಕೊಡೋವರೆಗೂ ನಾನು ವೇದಿಕೆ ಹತ್ತಲ್ಲ."

ಪ್ರದರ್ಶನ ನಿಂತಿತು; ಫುಕುಯೊ ಕೇಳಿದ್ದ ಅದೇ ಎರಡು ದಿನ. ಪ್ರಕಟಣೆಯನ್ನು ಮತ್ತೆ ಅಂಟಿಸಲಿಲ್ಲ. ಕ್ಷಮೆಯನ್ನೂ ಯಾರೂ ಕೇಳಲಿಲ್ಲ.

ಇಂದು ಎರಡನೆಯ ಮುಂಜಾವು. ಸೊನೊಜೊ ಬಂದು ತಲೆಯೊಡ್ಡುತ್ತಾನೆ. ತಾಮ್ರ ಕೂರುತ್ತದೆ. ಆತ ಕತ್ತು ಹೊರಳಿಸಿ, "ಇದೆಯೋ ಇಲ್ವೋ ಗೊತ್ತಾಗ್ತಿಲ್ಲಮ್ಮ" ಎನ್ನುತ್ತಾನೆ.

ಇನ್ನಾದರೂ ಪುಸ್ತಿಕೆಯಲ್ಲಿ ಹೆಸರು ಬರಬೇಕಲ್ಲವೇ ಎಂದು ಕೇಳಿದೆ. ಫುಕುಯೊ ತಾಮ್ರದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ.

"ಹೆಸರು ಹಾಕಿ ಅಂತ ನಾನು ಯಾವತ್ತೂ ಕೇಳಿಲ್ಲ. ತಪ್ಪಿಗೆ ಮಾತ್ರ ಹಾಕ್ಬೇಡಿ ಅಂತಿದೀನಿ, ಅಷ್ಟೆ."